ಏನೂ ಇಲ್ಲದ ಕಡೆ ಹತ್ತಿದ ಕೆಂಪು ದೀಪ

ಪ್ರೆಸ್ಸಿನಲ್ಲಿ ಕೈ ಸಿಕ್ಕಿದವನು ಕೂಗಲೇ ಇಲ್ಲ. ಮಂಗಳವಾರ, ಊಟದ ಬೆಲ್ ಮುಗಿದು ಎಲ್ಲರೂ ಕೆಲಸಕ್ಕೆ ಮರಳಿ ಅರ್ಧ ಗಂಟೆ ಆಗಿತ್ತು. ನಾನು ಎಲೆಕ್ಟ್ರಿಕಲ್ ರೂಮಿನಲ್ಲಿ ಕೂತು ಸುಟ್ಟುಹೋದ ಕಾಯಿಲ್ ಒಂದನ್ನು ಬಿಚ್ಚುತ್ತಿದ್ದೆ. ಗೋಡೆಯಾಚೆ ನೂರು ಟನ್ನಿನ ಪ್ರೆಸ್ಸು ಒಂದೇ ಸಮನೆ ಹೊಡೆಯುತ್ತಿತ್ತು: ಗೇಟು ಎಳೆದ ಸದ್ದು, ಗಾಳಿ ಬಿಟ್ಟ ಸದ್ದು, ಏಟು. ಗೇಟು, ಗಾಳಿ, ಏಟು. ದಿನವಿಡೀ ಕೇಳಿದವರಿಗೆ ಅದು ಕೇಳಿಸೋದೇ ಇಲ್ಲ, ತಪ್ಪಿದಾಗ ಮಾತ್ರ ಕೇಳಿಸ್ತದೆ. ಆವತ್ತು ಗೇಟಿನ ಸದ್ದು ಇಲ್ಲದೆ ಒಂದು ಏಟು ಬಿತ್ತು. ನನ್ನ ಕೈಲಿದ್ದ ಸ್ಕ್ರೂಡ್ರೈವರ್ ಅಲ್ಲೇ ನಿಂತಿತು.

ಓಡಿ ಹೋದರೆ ಆಪರೇಟರ್ ಬಲಗೈಯನ್ನು ಎಡಗೈಲಿ ಹಿಡಿದುಕೊಂಡು ನೆಟ್ಟಗೆ ನಿಂತಿದ್ದ. ತಳಿ ಊರಿನ ಕಡೆಯ ಹಳ್ಳಿಯವನು, ಮೂವತ್ತು ದಾಟಿದವನು, ನಮ್ಮ ಶೆಡ್ಡಿನಲ್ಲೇ ನಿಧಾನಸ್ಥ. ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು. "ಗೇಟು ಮ್ಯಾಲೆ ಐತೆ ನೋಡಿ ಸಾ, ಗೇಟು ಮ್ಯಾಲೇ ಐತೆ" ಅಂತ ಅಷ್ಟೇ ಹೇಳ್ತಿದ್ದ. ನೋಡಿದೆ. ಗೇಟು ಮೇಲೇ ಇತ್ತು. ಎರಡು ಬೆರಳು ಹೋಗಿದ್ದವು.

ಆ ಯಂತ್ರ ಹೇಗೆ ಕೆಲಸ ಮಾಡ್ತಿತ್ತು ಅಂತ ಹೇಳದೆ ಮುಂದೆ ಹೋದರೆ ಯಾವುದೂ ಅರ್ಥವಾಗಲ್ಲ. ಲಾರಿಗೆ ಹಾಕುವ ಕ್ಲಾಂಪುಗಳನ್ನು ತಗಡಿನಿಂದ ಒತ್ತುವ ಪ್ರೆಸ್ಸು ಅದು. ಆಪರೇಟರ್ ಎದುರಿಗೆ ಜಾಲರಿಯ ಗೇಟು. ಗೇಟು ಎತ್ತಿ, ಒತ್ತಿದ ತುಂಡು ತೆಗೆದು, ಹೊಸ ತಗಡು ಇಟ್ಟು, ಗೇಟು ಕೆಳಗೆ ಎಳೆಯಬೇಕು. ಗೇಟಿನ ಅಂಚಿನಲ್ಲಿ ಒಂದು ಕಬ್ಬಿಣದ ಪಟ್ಟಿ. ಅದು ಕೆಳಗೆ ಬಂದು ಪ್ರಾಕ್ಸಿಮಿಟಿ ಸ್ವಿಚ್ಚಿನ ಎದುರು ನಿಂತ ಕೂಡಲೇ ಗಾಳಿಯ ವಾಲ್ವ್ ತೆರೆದು ಪ್ರೆಸ್ಸು ಒಂದು ಏಟು ಹೊಡೀತದೆ.

ಈ ಪ್ರಾಕ್ಸಿಮಿಟಿ ಸ್ವಿಚ್ಚು ಎಂಬತ್ತರ ದಶಕದ ಆ ಮೊದಲ ವರ್ಷಗಳಲ್ಲಿ ನಮ್ಮ ಹೊಸೂರಿನ ಶೆಡ್ಡುಗಳಿಗೆ ಹೊಸ ಸಾಮಾನು. ಹೆಬ್ಬೆರಳು ಗಾತ್ರದ ಹಿತ್ತಾಳೆ ಕೊಳವೆ, ಮುಂದೆ ಪ್ಲಾಸ್ಟಿಕ್ ಮುಖ, ಹಿಂದೆ ಸಾಸಿವೆಗಿಂತ ಸ್ವಲ್ಪ ದೊಡ್ಡ ಕೆಂಪು ದೀಪ. ಮುಟ್ಟಬೇಕಾಗಿಲ್ಲ, ತಳ್ಳಬೇಕಾಗಿಲ್ಲ. ಲೋಹ ಹತ್ತಿರ ಬಂದರೆ ಸಾಕು, ದೀಪ ಹತ್ತಿ ಒಳಗಿನ ಸ್ವಿಚ್ಚು ಸೇರಿಕೊಳ್ತದೆ. ಅದಕ್ಕೆ ಬರೋದು ಒಂದೇ ಮಾತು: 'ನನ್ನ ಹತ್ತಿರ ಏನೋ ಇದೆ.' ಕೈ ಇಟ್ಟರೆ ಹೇಳಲ್ಲ, ಮರ ಇಟ್ಟರೆ ಹೇಳಲ್ಲ, ಲೋಹ ಇಟ್ಟರೆ ಹೇಳ್ತದೆ. ಅದು ಸುಳ್ಳು ಹೇಳಲ್ಲ ಅಂತ ನಾನು ಎಲ್ಲರ ಹತ್ತಿರ ಜಂಬ ಕೊಚ್ಚಿಕೊಂಡಿದ್ದೆ. ಅಲ್ಪವಿದ್ಯಾ ಮಹಾಗರ್ವಿ ಅಂತಾರಲ್ಲ, ಹಾಗೆ.

ಇಲ್ಲೇ ಇನ್ನೊಂದು ಮಾತನ್ನೂ ಹೇಳಿಬಿಡ್ತೀನಿ, ಆಮೇಲೆ ಹೇಳಿದರೆ ಮುಚ್ಚಿಟ್ಟ ಹಾಗಾಗ್ತದೆ. ಆ ಗೇಟಿಗೆ ಎರಡು ಸ್ವಿಚ್ಚು ಇರಬೇಕಿತ್ತು. ಕೆಳಗೆ ಪ್ರಾಕ್ಸಿಮಿಟಿ, ಮೇಲೆ ಉರುಳೆಯಿರುವ ಸಾಧಾರಣ ಲಿಮಿಟ್ ಸ್ವಿಚ್ಚು. ಗೇಟು ಮೇಲಿದ್ದಷ್ಟು ಹೊತ್ತು ಮೇಲಿನದು ಸರ್ಕ್ಯೂಟನ್ನು ಕತ್ತರಿಸಿಟ್ಟಿರ್ತದೆ, ಕೆಳಗಿನದು ಏನು ಬಡಬಡಿಸಿದರೂ ಏಟು ಬೀಳಲ್ಲ. ತಿಂಗಳ ಹಿಂದೆ ಮೇಲಿನದರ ಉರುಳೆ ಮುರಿದಿತ್ತು. ಸ್ಪೇರ್ ಬರುವುದು ತಡ. ಮ್ಯಾನೇಜರ್ ನನ್ನನ್ನು ಕರೆದು, "ಒಂದು ಲೂಪ್ ಹಾಕಿ ಓಡಿಸ್ರೀ, ಸ್ಪೇರ್ ಬಂದ ಮೇಲೆ ನೋಡೋಣ" ಅಂದಿದ್ದರು. ಬಾಯಿ ಮಾತು. ನಾನು ಪ್ಯಾನೆಲ್ಲಿನಲ್ಲಿ ಗೇಣುದ್ದದ ಒಂದು ವೈರಿನ ತುಂಡು ಹಾಕಿ ಆ ಸ್ವಿಚ್ಚನ್ನು ಲೆಕ್ಕದಿಂದಲೇ ತೆಗೆದಿದ್ದೆ. ಹಾಕಿದ್ದು ನಾನೇ, ಈ ಕೈಯಿಂದ. ಯಾರಿಗೂ ಹೇಳಿರಲಿಲ್ಲ.

ಆಪರೇಟರನ್ನು ಜೀಪಿನಲ್ಲಿ ಆಸ್ಪತ್ರೆಗೆ ಕಳಿಸಿದ ಮೇಲೆ ಮ್ಯಾನೇಜರ್ ನನ್ನನ್ನು ಕರೆದರು. ಕೊಯಮತ್ತೂರಿನ ಕಡೆಯವರು, ಕನ್ನಡ ಕಲಿತಿದ್ದರು, ಖುಷಿ ಬಂದರೆ ಮಾತ್ರ ತಮಿಳಿಗೆ ತಿರುಗುತ್ತಿದ್ದರು. "ಇವನೇ ಸ್ವಿಚ್ಚಿಗೆ ಕಬ್ಬಿಣದ ತುಂಡು ಅಡ್ಡ ಇಟ್ಟಿರ್ತಾನೆ. ಗೇಟು ಎಳೆಯೋ ಶ್ರಮ ತಪ್ಪಲಿ ಅಂತ. ಬೇರೆ ಕಂಪನಿಗಳಲ್ಲೂ ಇದೇ ಆಟ. ಹಾಗಿದ್ದರೆ ಡಿಸ್ಮಿಸ್. ಹಾಗಲ್ಲ ಅನ್ನೋದಾದರೆ ಏನಾಯ್ತು ಅಂತ ನೀವು ಬರೆದು ಕೊಡಿ. ಮುಂದಿನ ಬುಧವಾರ ಎನ್‌ಕ್ವೈರಿ" ಅಂದರು. ಅಂದರೆ ಎರಡು ಬೆರಳು ಕಳೆದುಕೊಂಡವನ ಅನ್ನ ನನ್ನ ರಿಪೋರ್ಟಿನ ಮೇಲೆ ನಿಂತಿತು. ಲೂಪಿನ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ನನ್ನ ಮನಸ್ಸಿಗೆ ನಾನೇ ಹೇಳಿಕೊಂಡೆ: ಲೂಪು ತಾನಾಗಿ ಏಟು ಹೊಡೆಸಲ್ಲ. ಕೆಳಗಿನ ಸ್ವಿಚ್ಚು ಸುಳ್ಳು ಹೇಳಿದ್ದರಿಂದ ಏಟು ಬಿದ್ದಿದೆ. ಅದು ಯಾಕೆ ಸುಳ್ಳು ಹೇಳಿತು ಅಂತ ಕಂಡುಹಿಡಿದರೆ ಮುಗೀತು. ಇದರಲ್ಲಿ ಸತ್ಯವೂ ಇತ್ತು, ಕಳ್ಳತನವೂ ಇತ್ತು.

ಬುಧವಾರ ಬೆಳಿಗ್ಗೆ ಗಾಳಿಯ ವಾಲ್ವ್ ಮುಚ್ಚಿಸಿದೆ. ಇನ್ನು ಪ್ರೆಸ್ಸು ಅಲುಗಾಡುವ ಹಾಗಿಲ್ಲ, ಕಂಟ್ರೋಲಿಗೆ ಮಾತ್ರ ಕರೆಂಟು. ಆಮೇಲೆ ಸ್ವಿಚ್ಚನ್ನು ಪರೀಕ್ಷೆ ಮಾಡಿದೆ. ಕಬ್ಬಿಣದ ಸ್ಕ್ರೂಡ್ರೈವರ್ ಬೆರಳಗಲದಷ್ಟು ದೂರಕ್ಕೆ ಬಂದಾಗಲೇ ದೀಪ ಹತ್ತಿತು. ಹತ್ತು ಪೈಸೆಯ ಅಲ್ಯುಮಿನಿಯಂ ನಾಣ್ಯಕ್ಕೆ ತೀರಾ ಹತ್ತಿರ ತರಬೇಕಾಯಿತು. ಎಲ್ಲ ಸರಿ. ವೈರು ಅಲ್ಲಾಡಿಸಿದೆ, ನಟ್ಟು ನೋಡಿದೆ, ಎಣ್ಣೆ ಒರೆಸಿದೆ. ಗೇಟು ಮೇಲಿತ್ತು, ಸ್ವಿಚ್ಚಿನ ಎದುರು ಬರೀ ಗಾಳಿ, ದೀಪ ಆರಿತ್ತು. ಸರಿ, ಟೀ ಕುಡಿದು ಬರೋಣ ಅಂತ ಹತ್ತು ಹೆಜ್ಜೆ ನಡೆದು ಸುಮ್ಮನೆ ತಿರುಗಿ ನೋಡಿದೆ.

ದೀಪ ಹತ್ತಿತ್ತು.

ಎದುರಿಗೆ ಏನೂ ಇಲ್ಲ. ಗೇಟು ಮೇಲೆ. ಅಕ್ಕಪಕ್ಕ ಯಾರೂ ಇಲ್ಲ. ಕೆಂಪು ದೀಪ ಮಾತ್ರ ನನ್ನನ್ನೇ ನೋಡುವ ಹಾಗೆ ಉರೀತಿತ್ತು. ದಡಬಡ ಹತ್ತಿರ ಹೋದೆ. ಎರಡು ಹೆಜ್ಜೆ ದೂರ ಇದ್ದಾಗ ಆರಿಹೋಯಿತು. ಬಗ್ಗಿ ನೋಡಿದೆ, ಏನೂ ಇಲ್ಲ. ಮತ್ತೆ ಹಿಂದೆ ಸರಿದೆ. ಸ್ವಲ್ಪ ಹೊತ್ತಿಗೆ ಮಿಣುಕಿತು, ಆರಿತು, ಮತ್ತೆ ಹತ್ತಿ ಹಾಗೇ ನಿಂತಿತು. ಹತ್ತಿರ ಬಂದರೆ ಹತ್ತಬೇಕಾದ ದೀಪ ಹತ್ತಿರ ಹೋದರೆ ಆರ್ತಿತ್ತು, ದೂರ ಬಂದರೆ ಹತ್ತುತ್ತಿತ್ತು. ಹಾಡುಹಗಲು, ಹನ್ನೊಂದು ಗಂಟೆ, ಶೆಡ್ಡಿನ ತುಂಬ ಬಿಸಿಲು. ಆದರೂ ನನ್ನ ಬೆನ್ನು ತಣ್ಣಗಾಯಿತು.

ಹಿಂದೆ ಡೈ ಸೆಟ್ಟರ್ ನಿಂತಿದ್ದರು. ಪ್ರೆಸ್ಸಿಗೆ ಅಚ್ಚು ಕೂರಿಸುವ ಕೆಲಸ ಅವರದು, ವಯಸ್ಸಾದವರು, ಕೃಷ್ಣಗಿರಿ ಹತ್ತಿರದವರು. ಶುಕ್ರವಾರದ ಪೂಜೆಗೂ ಅವರೇ ಪೂಜಾರಿ. "ನಾನು ಎಲ್ಡು ಸಲ ಏಳಿರ್ನಿಲ್ವಾ ಸಾರ್?" ಅಂದರು ಮೆಲ್ಲಗೆ.

ಹೇಳಿದ್ದರು. ಹಿಂದಿನ ಮೂರು ವಾರಗಳಲ್ಲಿ ಎರಡು ಸಲ ಬಂದು, ಗೇಟು ಮೇಲಿದ್ದರೂ ಪ್ರೆಸ್ಸು ಹೊಡೀತು ಅಂದಿದ್ದರು. ನಾನು, "ನಿಮ್ಮ ದೆವ್ವಕ್ಕೂ ಹಾಜರಿ ಪುಸ್ತಕದಲ್ಲಿ ಒಂದು ಟೋಕನ್ ನಂಬರ್ ಕೊಡಿಸೋಣ ಬಿಡಿ" ಅಂತ ನಕ್ಕು ಕಳಿಸಿದ್ದೆ. ಎರಡು ಸಲವೂ ಮಂಗಳವಾರವೋ ಬುಧವಾರವೋ. ಈಗ ನಗು ಬರಲಿಲ್ಲ.

"ಇದು ಬೊಂಬಾಯಿಂದ ಸೆಕೆಂಡ್ ಹ್ಯಾಂಡು ಬಂದಿದ್ದು ಸಾರ್. ಅಲ್ಲಿ ಒಬ್ಬನ ಪ್ರಾಣ ತಕಂಡೈತಂತೆ. ಶುಕ್ರವಾರ ಪೂಜೆ ಆದ್ರೆ ಮೂರು ದಿನ ತೆಪ್ಪಗಿರ್ತೈತೆ. ಮಂಗಳವಾರಕ್ಕೆ ಮತ್ತೆ ಕಣ್ ಬಿಡ್ತೈತೆ" ಅಂದರು.

"ಸುಮ್ಮನಿರಿ ಯಜಮಾನ್ರೇ" ಅಂದೆ. ನನ್ನ ದನಿ ನನಗೇ ಸರಿ ಕೇಳಿಸಲಿಲ್ಲ.

ಗುರುವಾರ ಸ್ಟೋರಿನಲ್ಲಿದ್ದ ಹೊಸ ಪ್ರಾಕ್ಸಿಮಿಟಿ ತಂದು ಹಾಕಿದೆ. ಹಳೆಯದು ಹಾಳಾಗಿದ್ದರೆ ಇಲ್ಲಿಗೆ ಮುಗೀತದೆ ಅನ್ನೋ ಆಸೆ. ಹೊಸದನ್ನು ಕೂರಿಸಿ ಹತ್ತು ಹೆಜ್ಜೆ ಹಿಂದೆ ಬಂದು ನಿಂತೆ. ಸ್ವಲ್ಪ ಹೊತ್ತು ಸುಮ್ಮನಿತ್ತು. ಆಮೇಲೆ ಹೊಸದೂ ಕಣ್ಣು ಬಿಟ್ಟಿತು. ಪೆಟ್ಟಿಗೆಯಿಂದ ಆಗಷ್ಟೇ ತೆಗೆದ ಸಾಮಾನು, ಯಾರ ಪ್ರಾಣದ ಕಥೆಯೂ ಗೊತ್ತಿಲ್ಲದ್ದು, ಅದೇ ಜಾಗ ನೋಡಿ ಅದೇ ಮಾತು ಹೇಳಿತು: 'ಹತ್ತಿರ ಏನೋ ಇದೆ.' ಅವತ್ತು ಮಾತ್ರ ನನಗೆ ನಿಜವಾಗಿ ಭಯವಾಯಿತು, ಯಾಕೆ ಸುಳ್ಳು ಹೇಳಲಿ. ವೆಲ್ಡಿಂಗ್ ಮೆಷಿನ್ ಬಂದ್ ಮಾಡಿಸಿದೆ, ಅದರ ಕರೆಂಟು ಇದಕ್ಕೆ ತೊಂದರೆ ಕೊಡ್ತಿರಬಹುದು ಅಂತ. ಕೇಬಲ್ಲನ್ನು ಬೇರೆ ದಾರಿಯಲ್ಲಿ ಎಳೆದೆ. ಅರ್ಥ್ ನೋಡಿದೆ. ದೀಪ ತನ್ನ ಪಾಡಿಗೆ ತಾನು ಹತ್ತಿ ಆರ್ತಿತ್ತು. ಪಕ್ಕದ ಮೆಷಿನ್ನಿನವರು ಆ ಕಡೆ ಬೆನ್ನು ಮಾಡಿ ಕೆಲಸ ಮಾಡೋದನ್ನು ಬಿಟ್ಟಿದ್ದರು.

ಶುಕ್ರವಾರ ಬೆಳಿಗ್ಗೆ ಪೂಜೆ. ಊದಿನಕಡ್ಡಿ, ನಿಂಬೆಹಣ್ಣು, ಮೆಷಿನ್ನಿಗೆ ಗಂಧ ಕುಂಕುಮ. ಎಲ್ಲ ಮೆಷಿನ್ನಿಗೂ ಮುಂದುಗಡೆ ಹಚ್ಚುತ್ತಿದ್ದರು ಮೊದಲು. ಹೊರಗಿನವರು ನೋಡೋಕೆ ಬಂದಾಗ ಗಲೀಜು ಕಾಣ್ತದೆ ಅಂತ ಮ್ಯಾನೇಜರ್ ಬೈದ ಮೇಲೆ ಒಳಗಡೆ, ಕಾಣದ ಜಾಗದಲ್ಲಿ ಹಚ್ಚೋದು ರೂಢಿಯಾಗಿತ್ತು. ಸೆಟ್ಟರ್ ಕೈಗೆ ಗಂಧ ಮೆತ್ತಿಕೊಂಡು ಪ್ರೆಸ್ಸಿನ ಎಡಗಂಬದ ಹತ್ತಿರ ಹೋದರು. ಸ್ವಿಚ್ಚಿನ ಮೇಲೆ ಎಣ್ಣೆ ಬೀಳದ ಹಾಗೆ ಒಂದು ತಗಡಿನ ಮುಚ್ಚಳ ಇತ್ತು, ಮನೆಯ ಸೂರಿನ ಹಾಗೆ ಇಳಿಜಾರು. ಅದರ ಒಳಗಡೆ ಕೈ ತೂರಿಸಿ ಏನೋ ಅಂಟಿಸಿದರು.

"ಏನದು?"

ಅವರು ಸಂಕೋಚದಿಂದ ತೋರಿಸಿದರು. ಬೀಡಿ ಎಲೆಯಷ್ಟು ಉದ್ದದ, ಅಷ್ಟೇ ತೆಳ್ಳಗಿನ ತಾಮ್ರದ ತಗಡು, ಅದರ ಮೇಲೆ ಗೀಚಿದ ಚೌಕದ ಮನೆಗಳು, ಅಕ್ಷರಗಳು. ಡೆಂಕಣಿಕೋಟೆ ಕಡೆಯ ಒಬ್ಬರು ಮಂತ್ರಿಸಿ ಬರೆದುಕೊಟ್ಟ ರಕ್ಷೆಯ ಯಂತ್ರವಂತೆ. ಪ್ರೆಸ್ಸು ಬಂದ ಮೊದಲ ತಿಂಗಳಲ್ಲೇ ತಂದು ಅಂಟಿಸಿದ್ದರಂತೆ. ಪ್ರತಿ ಶುಕ್ರವಾರ ತೆಗೆದು, ತೊಳೆದು, ಹಸಿ ಗಂಧದಲ್ಲಿ ಮತ್ತೆ ಅಂಟಿಸೋದು.

"ಇಷ್ಟು ದೊಡ್ಡ ಮೆಷಿನ್ನಿನಲ್ಲಿ ಇಲ್ಲೇ ಯಾಕೆ?"

"ಅದ್ರ ಕಣ್ಣು ಇಲ್ಲೇ ಅಲ್ವಾ ಸಾರ್ ಇರೋದು? ಕೆಂಪುಗೆ ಉರೀತೈತಲ್ಲ. ಕಣ್ಣಿನ ಎದ್ರುಗೇ ಇಕ್ಕಬೇಕು ಅಂದವ್ರೆ."

ಕಬ್ಬಿಣ ಆಗಿದ್ದರೆ ಅಲ್ಲೇ ಹಿಡೀತಿದ್ದೆ. ತಾಮ್ರ ಅಂದ ಕೂಡಲೇ ನನ್ನ ಪುಸ್ತಕದ ವಿದ್ಯೆ ಎದ್ದು ಕೂತಿತು. ಈ ಸ್ವಿಚ್ಚಿಗೆ ಕಬ್ಬಿಣ ಚೆನ್ನಾಗಿ ಕಾಣ್ತದೆ, ಅಲ್ಯುಮಿನಿಯಂ ಅರೆಬರೆ, ತಾಮ್ರ ಅದಕ್ಕಿಂತ ಕಡಿಮೆ ಅಂತ ಅದರ ಜೊತೆ ಬಂದ ಹಾಳೆಯಲ್ಲೇ ಬರೆದಿತ್ತು. ಅನುಮಾನ ಬೇಡ ಅಂತ ಪ್ಯಾನೆಲ್ಲಿನಿಂದ ತಾಮ್ರದ ಪಟ್ಟಿಯ ತುಂಡೊಂದನ್ನು ತಂದೆ, ಬೆರಳಿನಷ್ಟು ದಪ್ಪ. ಸ್ವಿಚ್ಚಿನ ಮುಖಕ್ಕೆ ಹಿಡಿದೆ. ತಗುಲುವಷ್ಟು ಹತ್ತಿರ ತಂದರೆ ಮಾತ್ರ ದೀಪ ಹತ್ತಿತು. ಎಲ್ಲರ ಎದುರಿಗೆ, "ನೋಡಿ, ಇಷ್ಟು ದಪ್ಪ ತಾಮ್ರವೇ ಇದಕ್ಕೆ ಕಾಣಲ್ಲ, ನಿಮ್ಮ ಎಲೆ ಎಲ್ಲಿ ಕಾಣ್ತದೆ? ಇರಲಿ ಬಿಡಿ, ನಿಮಗೂ ಸಮಾಧಾನ, ಅದಕ್ಕೂ ತೊಂದರೆಯಿಲ್ಲ" ಅಂದೆ. ಆ ಎಲೆ ಮುಚ್ಚಳದ ಒಳಮೈಗೆ ಗಟ್ಟಿಯಾಗಿ ಮೆತ್ತಿಕೊಂಡಿತ್ತು. ಸ್ವಿಚ್ಚಿನ ಮುಖಕ್ಕೂ ಅದಕ್ಕೂ ನಡುವೆ ಎರಡು ಬೆರಳು ಜಾಗವಿತ್ತು. ಎಲೆಯ ಮೇಲಿನ ಅನುಮಾನವನ್ನು ನನ್ನ ಪಟ್ಟಿ ತೋರಿಸಿಯೇ ತಳ್ಳಿಹಾಕಿದೆ.

ಅವತ್ತು ಇಡೀ ದಿನ ದೀಪ ಹತ್ತಲಿಲ್ಲ. ಶನಿವಾರವೂ ಹತ್ತಲಿಲ್ಲ. ಶೆಡ್ಡಿನಲ್ಲಿ ಎಲ್ಲರೂ ನನ್ನ ಕಡೆ ನೋಡಿದರು. ಆ ನೋಟದಲ್ಲಿ, ಹೆಂಗೆ ಸಾರ್ ನಿಮ್ಮ ವಿದ್ಯೆ, ಅನ್ನೋ ಮಾತಿತ್ತು. ಮ್ಯಾನೇಜರ್ ಮಾತ್ರ ಖುಷಿಯಾದರು. "ಎನ್ನಯ್ಯಾ, ಪೇಯ್ ಓಡಿಪ್ಪೋಚಾ?" ಅಂತ ನಕ್ಕರು, ದೆವ್ವ ಓಡಿಹೋಯ್ತಾ ಅಂತ. "ಸ್ವಿಚ್ಚು ಸರಿ ಇದೆ, ಮೆಷಿನ್ ಸರಿ ಇದೆ. ಹಾಗಾದ್ರೆ ತಪ್ಪು ಯಾರದು? ಬರೆದು ತನ್ನಿ."

ಭಾನುವಾರ ಆಸ್ಪತ್ರೆಗೆ ಹೋದೆ. ಆಪರೇಟರ್ ಹಾಸಿಗೆ ಮೇಲೆ ಕೂತಿದ್ದ, ಕೈ ಬ್ಯಾಂಡೇಜಿನಲ್ಲಿ ದಪ್ಪಗಾಗಿತ್ತು. ಪಕ್ಕದಲ್ಲಿ ಅವನ ಹೆಂಡತಿ. ನನ್ನನ್ನು ನೋಡಿ ಎದ್ದು ನಿಲ್ಲೋಕೆ ಹೋದ.

"ಕೂತ್ಕೋ ಮಾರಾಯ."

"ಏನ್ ಸಾ, ಸಿಕ್ತಾ?" ಅಂದ. ಆಮೇಲೆ ದನಿ ಇಳಿಸಿ, "ನಂಗೇ ಈಗ ಡೌಟ್ ಬತ್ತೈತೆ ಸಾ. ಗೇಟು ನಾನೇ ಎಳ್ದು ಮತ್ತೆ ಎತ್ಬುಟ್ನಾ ಅಂತ. ಎಲ್ಲಾರೂ ಹಂಗೇ ಅಂತಾವ್ರಂತೆ. ಒಂದು ಪೀಸು ಅಚ್ಚಲ್ಲಿ ಸಿಕ್ಕಂಡಿತ್ತು, ಬಲಗೈಲಿ ಬಿಡಿಸ್ತಾ ಇದ್ದೆ. ಎಡಗೈಲಿ ತಗಡು ತಕಳಾಕೆ ಹಿಂಗ್ ಪಕ್ಕಕ್ ಬಗ್ಗಿದೆ. ಅಷ್ಟೇ ಗ್ಯಾಪ್ಕ ಇರೋದು."

"ನೀನು ಎಳೆದಿಲ್ಲ" ಅಂದೆ.

"ಗೊತ್ತಾ ಸಾ?"

ಗೊತ್ತಿತ್ತು. ಗೇಟಿನ ಸದ್ದಿಲ್ಲದೆ ಏಟು ಬಿದ್ದಿದ್ದನ್ನು ನನ್ನ ಕಿವಿಯೇ ಕೇಳಿತ್ತು. ಆದರೆ ಲೂಪಿನ ಮಾತು ಎತ್ತದೆ, "ಬುಧವಾರದೊಳಗೆ ಕಂಡುಹಿಡೀತೀನಿ" ಅಂದೆ.

ಅವನ ಹೆಂಡತಿ ಕೈ ಮುಗಿದಳು. "ಕೆಲ್ಸ ಹೋಗ್ದಂಗೆ ನೋಡ್ಕಳಿ ಸಾಮಿ. ಎಂಟು ಬೆರಳವ್ನಿಗೆ ಯಾರು ಕೆಲ್ಸ ಕೊಡ್ತಾರೆ?" ಅಂದಳು. ಅವನು, "ಸಾರ್ ಇದ್ದಾರಲ್ಲ, ಸುಮ್ಕಿರಮ್ಮಿ" ಅಂದ. ನನಗೆ ಅಲ್ಲಿ ನಿಲ್ಲೋಕೆ ಆಗಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ಮೆಟ್ಟಿಲು ಇಳಿದು ಬಂದೆ.

ಸೋಮವಾರ ಸಂಜೆ ಹೊತ್ತಿಗೆ ದೀಪ ಒಂದೆರಡು ಸಲ ಮಿಣುಕಿತು. ಮಂಗಳವಾರ ಬೆಳಿಗ್ಗೆ ಪೂರಾ ಕಣ್ಣು ಬಿಟ್ಟಿತ್ತು. ಸೆಟ್ಟರ್ ದೂರದಿಂದಲೇ ಬೆರಳು ತೋರಿಸಿದರು. ಇನ್ನು ಒಂದು ದಿನ ಮಾತ್ರ ಬಾಕಿ.

ಹತ್ತಿರ ಹೋದರೆ ಆರ್ತದೆ. ಆರಿದ ಮೇಲೆ ನೋಡಿದರೆ ಏನೂ ಇರಲ್ಲ. ಹಾಗಾದರೆ ಹತ್ತಿರ ಹೋಗದೆ ನೋಡಬೇಕು. ಇಷ್ಟು ಸರಳವಾದ ಮಾತು ಹೊಳೆಯೋಕೆ ನನಗೆ ಒಂದು ವಾರ ಹಿಡಿದಿತ್ತು. ಕೈ ತೊಳೆಯುವ ಜಾಗದಲ್ಲಿದ್ದ ಕನ್ನಡಿ ಕಿತ್ತು ತಂದೆ, ಒಂದು ಮೂಲೆ ಒಡೆದದ್ದು. ಅದನ್ನು ಪ್ರೆಸ್ಸಿನ ಪಕ್ಕದ ರ‍್ಯಾಕಿಗೆ ಓರೆಯಾಗಿ ಕಟ್ಟಿದೆ, ದೂರ ನಿಂತರೆ ಮುಚ್ಚಳದ ಒಳಭಾಗ ಕಾಣುವ ಹಾಗೆ.

"ಬ್ಯಾಡಿ ಸಾರ್" ಅಂದರು ಸೆಟ್ಟರ್. "ಅಂಥದ್ದನ್ನ ಕನ್ನಡೀಲಿ ನೋಡ್ಬಾರ್ದು."

"ಎದುರಿಗೆ ನೋಡಿದ್ರೆ ಕಾಣಿಸ್ತಿಲ್ವಲ್ಲ ಯಜಮಾನ್ರೇ, ಏನು ಮಾಡಲಿ?"

ಇಬ್ಬರೂ ದೂರದಲ್ಲಿದ್ದ ಶೆಡ್ಡಿನ ಕಂಬದ ಪಕ್ಕ ಸರಿದು ನಿಂತೆವು. ಶೆಡ್ಡಿನಲ್ಲಿ ಬೇರೆ ಮೆಷಿನ್ನುಗಳ ಸದ್ದು ಇತ್ತು, ಆದರೆ ಆ ಒಂದು ಜಾಗದಲ್ಲಿ ಯಾರೋ ಉಸಿರು ಬಿಗಿಹಿಡಿದ ಹಾಗಿತ್ತು. ಕನ್ನಡಿಯಲ್ಲಿ ಮುಚ್ಚಳದ ಕತ್ತಲು, ಅದರ ಕೆಳಗೆ ಸ್ವಿಚ್ಚು. ದೀಪ ಆರಿತ್ತು. ನೋಡ್ತಾ ನೋಡ್ತಾ ಕತ್ತಲೊಳಗಿಂದ ಏನೋ ಇಳಿಯಿತು. ನಾಲಿಗೆಯಂಥದ್ದು, ಸಣ್ಣದು, ನಡುಗುತ್ತಾ ಕೆಳಗೆ ಬಂದು ಸ್ವಿಚ್ಚಿನ ಮುಖದ ಎದುರು ನಿಂತಿತು. ಕೆಂಪು ದೀಪ ಹತ್ತಿತು. ನಾಲಿಗೆ ಹಿಂದಕ್ಕೆ ಹೋಯಿತು. ದೀಪ ಆರಿತು.

ಸೆಟ್ಟರ್ ನನ್ನ ತೋಳು ಹಿಡಿದುಕೊಂಡರು. ಉಗುರು ಚರ್ಮಕ್ಕೆ ಇಳಿಯುವಷ್ಟು ಬಿಗಿಯಾಗಿ.

ನನಗೂ ಕೂಗುವ ಹಾಗಾಯಿತು. ಕೂಗದೆ ನಿಂತಿದ್ದಕ್ಕೆ ಒಂದೇ ಕಾರಣ, ಆ ನಾಲಿಗೆಯ ಮೇಲೆ ಗೀಚಿದ ಮನೆಗಳು ಕಂಡವು. ಗಂಧ ಒಣಗಿ ಉದುರಿತ್ತು. ಎಲೆಯ ಮೇಲಿನ ಅಂಚು ಮಾತ್ರ ಹಿಡಿದುಕೊಂಡು, ಕೆಳಗಿನ ಭಾಗ ಕಳಚಿ ತೂಗುತ್ತಿತ್ತು.

ಆದರೆ ಅದನ್ನು ತೂಗಿಸ್ತಿದ್ದದ್ದು ಯಾರು? ನಾನು ಪ್ರೆಸ್ಸಿನ ಕಡೆ ಎರಡು ಹೆಜ್ಜೆ ಇಟ್ಟೆ, ಕನ್ನಡಿ ಮೇಲೆ ಕಣ್ಣಿಟ್ಟುಕೊಂಡೇ. ಎಲೆ ಹಿಂದಕ್ಕೆ ಸರಿದು ಸುಮ್ಮನಾಯಿತು. ಅದೇ ಹೊತ್ತಿಗೆ ನನ್ನ ಬೆನ್ನಿಗೆ ತಣ್ಣಗೆ ತಗುಲಿತು. ಆಪರೇಟರ್ ಸೆಕೆಗೆ ಅಂತ ಕಂಬದ ಹತ್ತಿರ ಇಟ್ಟಿದ್ದ ನಿಲ್ಲುವ ಫ್ಯಾನು. ದಿನವೆಲ್ಲ ತಿರುಗ್ತಾನೇ ಇರ್ತಿತ್ತು, ಆರಿಸಬೇಕು ಅಂತ ಯಾರಿಗೂ ಅನ್ನಿಸಿರಲಿಲ್ಲ. ಹತ್ತಿರ ಹೋದವರ ಬೆನ್ನು ಅದರ ಗಾಳಿಯನ್ನು ತಡೀತಿತ್ತು. ದೂರ ಸರಿದರೆ ಗಾಳಿ ನೇರ ಹೋಗಿ ಎಲೆಯನ್ನು ಸ್ವಿಚ್ಚಿನ ಮುಖಕ್ಕೆ ಒತ್ತುತ್ತಿತ್ತು.

"ಫ್ಯಾನ್ ಆಫ್ ಮಾಡಿ" ಅಂದೆ. ಸೆಟ್ಟರ್ ಆರಿಸಿದರು. ದೀಪ ಆರಿತು, ಆರಿಯೇ ಇತ್ತು. ಹಾಕಿದರು, ಹತ್ತಿತು. ನಾಲ್ಕು ಸಲ ಮಾಡಿಸಿದೆ. ಆಪರೇಟರ್ ಆಸ್ಪತ್ರೆಯಲ್ಲಿ ಹೇಳಿದ್ದು ಆಗ ಅರ್ಥವಾಯಿತು: ಹಿಂಗ್ ಪಕ್ಕಕ್ ಬಗ್ಗಿದೆ. ಅಷ್ಟು ಹೊತ್ತು ಅವನ ಮೈಯೇ ಗಾಳಿಗೆ ಅಡ್ಡ ನಿಂತು ಅವನ ಕೈಯನ್ನು ಕಾಯ್ತಿತ್ತು. ತಗಡು ತಗೊಳ್ಳೋಕೆ ಬಗ್ಗಿದ, ಗಾಳಿಗೆ ದಾರಿ ಸಿಕ್ಕಿತು.

ಎಲೆಯನ್ನು ಬಿಡಿಸಿ ತಂದು ಮೇಜಿನ ಮೇಲೆ ಹಳೆ ಸ್ವಿಚ್ಚಿಗೆ ಹಿಡಿದೆ. ಕಬ್ಬಿಣದ ಸ್ಕ್ರೂಡ್ರೈವರಿಗೆ ಎಷ್ಟು ದೂರದಿಂದ ಹತ್ತುತ್ತಿತ್ತೋ ಹೆಚ್ಚುಕಮ್ಮಿ ಅಷ್ಟೇ ದೂರದಿಂದ ಹತ್ತಿತು. ದಪ್ಪ ತಾಮ್ರ ಕಾಣದ ಸ್ವಿಚ್ಚಿಗೆ ಈರುಳ್ಳಿ ಸಿಪ್ಪೆಯಂಥ ತಾಮ್ರ ಕಾಣ್ತಿತ್ತು! ನನಗೆ ತಲೆ ಕೆಟ್ಟುಹೋಯಿತು. ಬೆಂಗಳೂರಿನಲ್ಲಿ ಸ್ವಿಚ್ಚು ಮಾರುವವರ ಕಡೆಯ ಎಂಜಿನಿಯರಿಗೆ ಫೋನ್ ಮಾಡಿದೆ. ಅವರು ನಕ್ಕು ವಿವರಿಸಿದ್ದನ್ನು ನನ್ನ ಮಾತಲ್ಲಿ ಹೇಳ್ತೀನಿ. ಸ್ವಿಚ್ಚಿನ ಮುಖದಲ್ಲಿ ಒಂದು ಸುರುಳಿ ತಂತಿ ಇದೆ, ಅದು ತನ್ನ ಎದುರು ಕಾಂತದ ಅಲೆ ಎಬ್ಬಿಸ್ತಾ ಇರ್ತದೆ. ಲೋಹ ಬಂದರೆ ಅದರೊಳಗೆ ಸಣ್ಣ ಸಣ್ಣ ಕರೆಂಟಿನ ಸುಳಿ ಹುಟ್ಟಿ ಆ ಅಲೆಯ ಶಕ್ತಿಯನ್ನು ತಿಂತದೆ. ಅಲೆ ಸುಸ್ತಾಗಿ ಬಿದ್ದರೆ ದೀಪ ಹತ್ತುತ್ತದೆ. ಸ್ವಿಚ್ಚಿಗೆ ಲೋಹ ಕಾಣೋದೇ ಇಲ್ಲ, ತನ್ನ ಸುಸ್ತು ಮಾತ್ರ ಗೊತ್ತಾಗ್ತದೆ. ದಪ್ಪ ತಾಮ್ರದಲ್ಲಿ ಸುಳಿ ಸಲೀಸಾಗಿ ತಿರುಗ್ತದೆ, ಗಟ್ಟಿ ರಸ್ತೆಯಲ್ಲಿ ಗಾಡಿ ಎಳೆದ ಎತ್ತಿಗೆ ಆಯಾಸವಾಗದ ಹಾಗೆ. ತೀರಾ ತೆಳ್ಳಗಿನ ಎಲೆಯಲ್ಲಿ ಸುಳಿಗೆ ಜಾಗ ಸಾಲದು, ಮರಳಲ್ಲಿ ಗಾಡಿ ಎಳೆದ ಹಾಗೆ. ಎತ್ತು ಬೇಗ ಸುಸ್ತಾಗ್ತದೆ. ನನ್ನ ಹಾಳೆಯಲ್ಲಿ ಬರೆದದ್ದು ದಪ್ಪ ತುಂಡಿಗೆ ಸರಿ, ಎಲೆಗೆ ಅಲ್ಲ.

ಸೆಟ್ಟರ್ ಮೇಜಿನ ಪಕ್ಕ ನಿಂತು ಎಲ್ಲ ನೋಡಿದರು. "ಅಂಗಾರೆ ನಾನೇ ಅವ್ನ ಕೈ ತೆಗ್ದೆ ಅನ್ನಿ" ಅಂದರು. ಅಷ್ಟು ವಯಸ್ಸಿನವರು ಕಣ್ಣಲ್ಲಿ ನೀರು ಹಾಕಿಕೊಂಡರು.

ನನಗೆ ತಪ್ಪಿಸಿಕೊಳ್ಳೋಕೆ ದಾರಿ ಅಲ್ಲೇ ತೆರೆದಿತ್ತು. ಎಲೆ ಸಿಕ್ಕಿತ್ತು, ಅಂಟಿಸಿದವರು ಒಪ್ಪಿಕೊಂಡಿದ್ದರು. 'ಕೆಲಸಗಾರರು ಅನುಮತಿಯಿಲ್ಲದೆ ಮೆಷಿನ್ನಿಗೆ ಲೋಹದ ವಸ್ತು ಅಂಟಿಸಿದ್ದೇ ಕಾರಣ' ಅಂತ ಒಂದು ಸಾಲು ಬರೆದರೆ ಸಾಕು. ಆಪರೇಟರ್ ತುಂಡು ಇಟ್ಟಿಲ್ಲ ಅಂತಲೂ ಆಗ್ತದೆ, ನಾನೂ ಬಚಾವ್. ಆದರೆ ಆ ಸಾಲಿನಲ್ಲಿ ಮ್ಯಾನೇಜರ್ ಏನು ಓದ್ತಾರೆ ಅಂತ ನನಗೆ ಗೊತ್ತಿತ್ತು. ಮೆಷಿನ್ನು ಓಡಿಸೋನು ಆಪರೇಟರ್, ಪೂಜೆಗೆ ಅವನೂ ಕೈ ಮುಗಿದವನೇ. ಇಬ್ಬರನ್ನೂ ಮನೆಗೆ ಕಳಿಸ್ತಾರೆ.

ಅಲ್ಲದೆ ಆ ಎಲೆ ಅಲ್ಲಿಗೆ ಬಂದು ವರ್ಷವಾಗಿತ್ತು. ವಾರ ವಾರ ಗಂಧ ಒಣಗಿತ್ತು, ವಾರ ವಾರ ಎಲೆ ಕಳಚಿ ತೂಗಿತ್ತು, ದೀಪ ಖಾಲಿ ಗಾಳಿಗೆ ಹತ್ತಿ ಆರಿತ್ತು. ಹನ್ನೊಂದು ತಿಂಗಳು ಯಾರ ಕೂದಲೂ ಕೊಂಕಿರಲಿಲ್ಲ, ಮೇಲಿನ ಸ್ವಿಚ್ಚು ಇತ್ತು. ಗೇಟು ಮೇಲಿದ್ದರೂ ಏಟು ಬೀಳೋಕೆ ಶುರುವಾದದ್ದು ನಾನು ಲೂಪು ಹಾಕಿದ ಮೇಲೆ. ಒಂದು ವಾರದಿಂದ ನಾನು ದೆವ್ವ ಹುಡುಕ್ತಿದ್ದೆ. ಪ್ಯಾನೆಲ್ಲಿನ ಬಾಗಿಲು ತೆರೆದು ನೋಡೋದನ್ನು ಮಾತ್ರ ಬಿಟ್ಟಿದ್ದೆ.

ಆ ಮಧ್ಯಾಹ್ನ ಅದನ್ನು ತೆರೆದೆ. ವೈರಿನ ತುಂಡು ಹಾಗೇ ಇತ್ತು. ಅದನ್ನು ಬಿಚ್ಚಿ ಮೇಜಿನ ಮೇಲೆ ಎಲೆಯ ಪಕ್ಕ ಇಟ್ಟುಕೊಂಡು ರಿಪೋರ್ಟು ಬರೆಯೋಕೆ ಕೂತೆ. ಮೊದಲ ಸಾಲು: 'ಗೇಟಿನ ಮೇಲಿನ ಸುರಕ್ಷತಾ ಸ್ವಿಚ್ಚನ್ನು ನಾನು ತಪ್ಪಿಸಿದ್ದೆ.' ಅದನ್ನು ಬರೆದ ಮೇಲೆ ಮಿಕ್ಕದ್ದು ಸಲೀಸಾಗಿ ಬಂತು.

ಬುಧವಾರ ಆಫೀಸಿನಲ್ಲಿ ನಾಲ್ಕು ಜನ ಇದ್ದೆವು. ಆಪರೇಟರ್ ಬ್ಯಾಂಡೇಜಿನ ಕೈ ಎದೆಗೆ ಕಟ್ಟಿಕೊಂಡು ಬಂದಿದ್ದ. ಸೆಟ್ಟರ್ ಬಾಗಿಲ ಹತ್ತಿರ ನಿಂತಿದ್ದರು. ಮ್ಯಾನೇಜರ್ ರಿಪೋರ್ಟನ್ನು ಮನಸ್ಸಿನಲ್ಲೇ ಓದಿದರು. ಮೊದಲ ಸಾಲಿಗೇ ಅವರ ಕಿವಿ ಕೆಂಪಾಯಿತು.

"ಲೂಪ್ ಹಾಕಿ ಅಂತ ಯಾರು ಹೇಳಿದ್ದು?"

"ನೀವು ಸಾರ್."

"ನಾನಾ? ಎಲ್ಲಿ ಬರೆದುಕೊಟ್ಟಿದ್ದೀನಿ? ತೋರಿಸಿ."

"ಬರೆದು ಕೊಟ್ಟಿಲ್ಲ ಸಾರ್. ಹಾಕಿದ್ದು ನಾನೇ. ಅದನ್ನೇ ಬರೆದಿದ್ದೀನಿ."

ಅವರು ಕಾಗದ ಕೆಳಗಿಟ್ಟರು. ಕೊನೆಗೆ, "ಹಾಗಾದ್ರೆ ಇವನ ಮೇಲೆ ಕೇಸಿಲ್ಲ" ಅಂದರು, ಆಪರೇಟರ್ ಕಡೆ ನೋಡದೆ. "ಕೈ ವಾಸಿಯಾದ ಮೇಲೆ ಇನ್‌ಸ್ಪೆಕ್ಷನ್ ಟೇಬಲ್ಲಿಗೆ ಹಾಕಿ. ನೀವು ನಾಳೆಯಿಂದ ಬರಬೇಡಿ. ಏನು ಮಾಡಬೇಕು ಅಂತ ಹೇಳಿ ಕಳಿಸ್ತೀವಿ." ಸೆಟ್ಟರಿಗೆ ಒಂದು ಬೈಗುಳ ಬಿತ್ತು, ಅಷ್ಟೇ. ನನಗೆ ಮನಸ್ಸು ಹಗುರಾಯಿತು ಅಂತ ಹೇಳಿದರೆ ನಂಬ್ತೀರೋ ಇಲ್ಲವೋ. ಅವನ ಕೆಲಸ ಉಳಿಯಿತಲ್ಲ, ಮಿಕ್ಕದ್ದು ಹಾಳಾಗಲಿ ಅಂದುಕೊಂಡೆ. ಹೊರಗೆ ಬಂದು ಅವನಿಗಾಗಿ ಕಾದು ನಿಂತೆ. ಅವನು ಬಂದು ಎಡಗೈಲಿ ನನ್ನ ಕೈ ಹಿಡೀತಾನೆ, ಏನೋ ಒಂದು ಒಳ್ಳೆ ಮಾತು ಆಡ್ತಾನೆ ಅಂತ ಆಸೆ ಇತ್ತು, ಒಪ್ಪಿಕೊಳ್ತೀನಿ.

ಅವನು ಬಂದ. ನನ್ನ ಎದುರಿಗೆ ನಿಂತ. ಸಿಟ್ಟು ಇರಲಿಲ್ಲ ಮುಖದಲ್ಲಿ. ಏನೋ ಲೆಕ್ಕ ಕೂಡಿಸ್ತಾ ಇರೋನ ಹಾಗಿದ್ದ.

"ಮ್ಯಾಲಿನ ಸ್ವಿಚ್ಚು ಒಂದ್ ತಿಂಗ್ಳಿಂದ ಇರ್ಲಿಲ್ವಾ ಸಾ?"

"ಇರಲಿಲ್ಲ ಕಣಪ್ಪ."

"ನಾನು ಅದೈತೆ ಅನ್ಕಂಡೇ ಕೈ ಇಕ್ತಿದ್ದೆ." ಬ್ಯಾಂಡೇಜಿನ ಕೈಯನ್ನು ಸ್ವಲ್ಪ ಎತ್ತಿ ಹಿಡಿದ, ತಾನೇ ಮೊದಲ ಸಲ ನೋಡುವವನ ಹಾಗೆ. "ಬ್ಯಾರೆ ಏನೂ ಬ್ಯಾಡಾಗಿತ್ತು ಸಾ. ಒಂದ್ ಮಾತು ಏಳಿದ್ರೆ, ಇಕ್ಕಳದಾಗೆ ತೆಗೀತಿದ್ದೆ."

ಅವನು ಇನ್ನೂ ಒಂದು ಗಳಿಗೆ ಕಾದ. ಆಮೇಲೆ, "ಬತ್ತೀನಿ ಸಾ, ತಳಿ ಬಸ್ಸು ಹೋಗ್ಬುಡ್ತೈತೆ" ಅಂದು ಫ್ಯಾಕ್ಟರಿ ಗೇಟಿನ ಕಡೆ ನಡೆದ.